ಕಣ್ಣು ಕೇಳುವ ಸಂಗೀತ

ಗ್ರಾಮಫೋನಿನ ಕಹಳೆಯ ಮುಂದೆ ತಲೆ ಓರೆ ಮಾಡಿ ಕುಳಿತ ನಾಯಿಯ ಚಿತ್ರವನ್ನು ನೋಡದವರು ನನ್ನ ಓರಗೆಯವರಲ್ಲಿ ಯಾರೂ ಇರಲಾರರು. ಹಾಡಿನ ಪ್ಲೇಟುಗಳ ನಡುಮಧ್ಯೆ, ಅಂಗಡಿಯ ಬೋರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ ಎಲ್ಲೆಲ್ಲೂ ಅದೇ ನಾಯಿ. ಅದರ ಹೆಸರು ನಿಪ್ಪರ್. ಚಿತ್ರ ಬರೆದವನು ಇಂಗ್ಲೆಂಡಿನ ಫ್ರಾನ್ಸಿಸ್ ಬ್ಯಾರೋ. ಆದರೆ ಅವನು ಮೊದಲು ಬರೆದಾಗ ಆ ನಾಯಿಯ ಮುಂದೆ ಗ್ರಾಮಫೋನ್ ಇರಲೇ ಇಲ್ಲ. ಎಡಿಸನ್ ಮಾದರಿಯ ಕೊಳವೆಯ ಫೋನೋಗ್ರಾಫ್ ಇತ್ತು, ಅದಕ್ಕೊಂದು ಕಪ್ಪು ಕಹಳೆ. ಚಿತ್ರ ಮಂಕಾಗಿ ಕಂಡಿತು, ಯಾರೂ ಕೊಳ್ಳಲಿಲ್ಲ. ಹಿತ್ತಾಳೆಯ ಕಹಳೆಯೊಂದನ್ನು ಕಡ ತಂದು ನೋಡಿಕೊಂಡು ಬಣ್ಣ ತಿದ್ದಿದರೆ ಚಿತ್ರಕ್ಕೆ ಹೊಳಪು ಬಂದೀತೆಂದು ಅವನು 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಬಾಗಿಲಿಗೆ ಹೋದ. ಅಲ್ಲಿಯ ಮ್ಯಾನೇಜರು, ‘ಯಂತ್ರವನ್ನೇ ಬದಲಿಸಿ ನಮ್ಮದನ್ನು ಬರೆದುಕೊಡುವುದಾದರೆ ಚಿತ್ರವನ್ನೇ ಕೊಳ್ಳುತ್ತೇವೆ’ ಎಂದರು. ಚಿತ್ರಕ್ಕೆ ಐವತ್ತು ಪೌಂಡು, ಹಕ್ಕಿಗೆ ಐವತ್ತು ಪೌಂಡು ಎಂದು ವ್ಯಾಪಾರ ಕುದುರಿತು. ಹಳೆಯ ಯಂತ್ರದ ಮೇಲೆಯೇ ಬಣ್ಣ ಬಳಿದು ಹೊಸದನ್ನು ಬರೆದುಕೊಟ್ಟ.

ಹೀಗೆ ಪ್ರಪಂಚಕ್ಕೆಲ್ಲ ಪರಿಚಿತವಾದ ಆ ಹಿತ್ತಾಳೆಯ ಕಹಳೆ ಚಿತ್ರದೊಳಗೆ ಬಂದದ್ದು ದನಿ ಚೆನ್ನಾಗಿರಲೆಂದಲ್ಲ, ಕಣ್ಣಿಗೆ ಚೆನ್ನಾಗಿ ಕಾಣಲೆಂದು. ನಾಯಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ನಾನು ಶಾಲೆಯಲ್ಲಿ ಸಮಾಜ ಮತ್ತು ಕನ್ನಡ ಪಾಠ ಮಾಡುವವಳು. ಯಂತ್ರಗಳ ವಿಷಯ ನನ್ನದಲ್ಲ. ಆದರೆ ರಾಜರ, ಯುದ್ಧಗಳ ಚರಿತ್ರೆಗಿಂತ ಮನೆಯೊಳಗಿನ ವಸ್ತುಗಳ ಚರಿತ್ರೆಯೇ ನನಗೆ ಹೆಚ್ಚು ಇಷ್ಟ. ನಡುಮನೆಯಲ್ಲಿ ಹಾಡುವ ಪೆಟ್ಟಿಗೆಯ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಕೆಣಕಿತು. ಈ ಪೆಟ್ಟಿಗೆಗಳ ವಿಷಯದಲ್ಲಿ ಕಿವಿಗಿಂತ ಮೊದಲು ತೀರ್ಪು ಕೊಟ್ಟದ್ದು ಕಣ್ಣು. ಕಣ್ಣಿನ ಆ ತೀರ್ಪಿನ ಹೊಣೆಯನ್ನು ಮಾತ್ರ ಯಾವಾಗಲೂ ಹೆಂಗಸರ ಮೇಲೆ ಹೊರಿಸಿಬಿಟ್ಟಿದ್ದಾರೆ!

ಮೊದಲು ನಮ್ಮ ನಾಡಿನ ನಂಟನ್ನೇ ಹೇಳಿಬಿಡುತ್ತೇನೆ. ಅದೇ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಪ್ಲೇಟಿಗೆ ಇಳಿಸಿಕೊಂಡ. ಆಗ ಮೈಕ್ ಇಲ್ಲ, ವಿದ್ಯುತ್ತಿನ ಹಂಗಿಲ್ಲ. ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ದನಿಯ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದಳು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಒಡವೆ, ಉಡುಪು, ಬೆಕ್ಕಿನ ಮದುವೆಯ ಕಥೆಗಳನ್ನು ಜನ ಇಂದಿಗೂ ಚಪ್ಪರಿಸಿ ಹೇಳುತ್ತಾರೆ. ಆದರೆ ಎಷ್ಟೋ ಮನೆಗಳಿಗೆ ಆಕೆ ಹೋದದ್ದು ಬರೀ ದನಿಯಾಗಿ. ಕಹಳೆಯಿಂದ ಹೊರಬಿದ್ದ ಆ ದನಿಗೆ ಜರಿಯಂಚಿನ ಸೀರೆ ಇರಲಿಲ್ಲ.

ಇನ್ನು ಆ ಕಹಳೆ. ಚಿತ್ರದಲ್ಲಿ ಚೆಂದ, ಮನೆಯಲ್ಲಿ ಉಪದ್ರವ. ನಮ್ಮ ತಾತನ ಮನೆಯಲ್ಲಿ ಅಂಥದೊಂದು ಇತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅದರ ಕಹಳೆ ಮಾತ್ರ ಅಟ್ಟದ ಮೇಲೆ ಉಳಿದಿತ್ತು. ನಮ್ಮಜ್ಜಿ ಅದರ ಹಾಡುಗಳ ಬಗ್ಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ‘ನವರಾತ್ರಿ ಬಂತೂಂದ್ರೆ ಅದನ್ನ ಹುಣಸೇಹಣ್ಣು ಹಾಕಿ ತಿಕ್ಕೋದೇ ಒಂದು ಕೆಲಸ ಕಣೇ. ಒಳಗೆ ಕೈ ಹೋಗ್ತಿರಲಿಲ್ಲ, ಕೋಲಿಗೆ ಬಟ್ಟೆ ಕಟ್ಟಿ ಒರೆಸ್ತಿದ್ದೆ’ ಎನ್ನುತ್ತಿದ್ದರು. ಹಾಡು ಕೇಳುವವರು ತಾತ ಮತ್ತು ಅವರ ಸ್ನೇಹಿತರು. ಕಹಳೆ ತಿಕ್ಕುವವರು ಅಜ್ಜಿ.

ಅಮೆರಿಕದಲ್ಲಿ ವಿಕ್ಟರ್ ಕಂಪನಿಯ ಎಲ್ಡ್ರಿಜ್ ಜಾನ್ಸನ್ 1906ರಲ್ಲಿ ವಿಕ್ಟ್ರೋಲಾ ಎಂಬ ಹೊಸ ಯಂತ್ರವನ್ನು ತಂದಾಗ ಮಾಡಿದ ಮುಖ್ಯ ಬದಲಾವಣೆಯೆಂದರೆ, ಕಹಳೆಯನ್ನು ಮಡಚಿ ಮರದ ಬೀರುವಿನೊಳಗೆ ಬಚ್ಚಿಟ್ಟದ್ದು. ಮುಂದೆ ಎರಡು ಪುಟ್ಟ ಬಾಗಿಲು. ತೆರೆದರೆ ದನಿ ಜೋರು, ಓರೆ ಮಾಡಿದರೆ ಮೆತ್ತಗೆ. ಬೆಲೆ ಇನ್ನೂರು ಡಾಲರು, ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಕಹಳೆಯ ಯಂತ್ರವನ್ನು ಹೆಂಗಸರು ತಮ್ಮ ಪಡಸಾಲೆಯಲ್ಲಿ ಸಹಿಸುವುದಿಲ್ಲ, ಆದ್ದರಿಂದ ಬಚ್ಚಿಡಬೇಕಾಯಿತು ಎಂಬುದು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ವಿವರಣೆ. ಇದನ್ನು ಓದಿದಾಗಲೆಲ್ಲ ನನಗೆ ಅಜ್ಜಿಯ ಕೋಲು ನೆನಪಾಗುತ್ತದೆ. ಸಹಿಸದಿದ್ದರೆ ಅದಕ್ಕೆ ಕಾರಣ ಬರೀ ಅಂದಚೆಂದವೇ ಆಗಿರಬೇಕೆ?

ಬಚ್ಚಿಟ್ಟದ್ದರಿಂದ ದನಿಗೆ ಪೆಟ್ಟು ಬಿತ್ತು ಎನ್ನುವುದು ನಿಜ. ಕಹಳೆಯಲ್ಲಿ ತಗ್ಗಿನ ಸ್ವರಗಳು ಮೂಡಬೇಕಾದರೆ ಅದು ಉದ್ದವಾಗಿಯೂ ಬಾಯಿ ಅಗಲವಾಗಿಯೂ ಇರಬೇಕು. ಬೀರುವಿನಲ್ಲಿ ಹಿಡಿಸುವಂತೆ ಚಿಕ್ಕದು ಮಾಡಿದರೆ ದನಿಯೂ ಕುಗ್ಗುತ್ತದೆ. ಆದರೂ ವಿಕ್ಟ್ರೋಲಾ ಎಷ್ಟು ಮಾರಾಟವಾಯಿತೆಂದರೆ, ಆ ದೇಶದಲ್ಲಿ ಹಾಡುವ ಪೆಟ್ಟಿಗೆಗಳಿಗೆಲ್ಲ ಆ ಹೆಸರೇ ನಿಂತಿತು. ಇಪ್ಪತ್ತು ವರ್ಷ ಜನ ಬೀರುವನ್ನು ನೋಡಿ ಸಂಗೀತ ಕೊಂಡರು.

ಎಡಿಸನ್ನನದು ಇನ್ನೊಂದು ದಾರಿ. ತನ್ನ ಯಂತ್ರದ ದನಿಗೂ ಗಾಯಕರ ದನಿಗೂ ವ್ಯತ್ಯಾಸವೇ ಇಲ್ಲವೆಂದು ತೋರಿಸಲು ಅವನ ಕಂಪನಿ 1915ರಿಂದ ಹತ್ತು ವರ್ಷ ಊರೂರಿನಲ್ಲಿ ಸಭೆ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ಆಕೆ ಒಂದಿಷ್ಟು ಹಾಡುತ್ತಾಳೆ, ನಿಲ್ಲಿಸುತ್ತಾಳೆ, ಯಂತ್ರ ಮುಂದುವರಿಸುತ್ತದೆ. ನಡುವೆ ದೀಪ ಆರಿಸುತ್ತಾರೆ. ದೀಪ ಬಂದಾಗ ನೋಡಿದರೆ ಗಾಯಕಿ ಅಲ್ಲಿಲ್ಲ! ಕತ್ತಲಲ್ಲಿ ಹಾಡಿದ್ದು ಯಂತ್ರವೇ. ಇಂಥ ಸಭೆಗಳಲ್ಲಿ ಹಾಡಿದವರಲ್ಲಿ ಆನ್ನಾ ಕೇಸ್ ಹೆಸರಾದವಳು. ಯಂತ್ರದ ಮಟ್ಟಕ್ಕೆ ಸರಿಹೊಂದುವಂತೆ ತನ್ನ ದನಿಯನ್ನು ತಗ್ಗಿಸಿಕೊಂಡು ಹಾಡುತ್ತಿದ್ದೆ ಎಂದು ಆಕೆ ಮುಪ್ಪಿನಲ್ಲಿ ಹೇಳಿದಳು. ಎಂಥ ಕಾಲ ನೋಡಿ, ಯಂತ್ರ ಮನುಷ್ಯರಂತೆ ಹಾಡಲೆಂದು ಮನುಷ್ಯರು ಯಂತ್ರದಂತೆ ಹಾಡಿದರು. ಆದರೂ ದೀಪ ಆರಿಸಿದ್ದರಲ್ಲಿ ಒಂದು ಬುದ್ಧಿ ಇತ್ತು. ಅದಕ್ಕೆ ಮುಂದೆ ಬರುತ್ತೇನೆ.

1925 ಈ ಚರಿತ್ರೆಯಲ್ಲಿ ದೊಡ್ಡ ವರ್ಷ. ಬೀರುವಿನೊಳಗಿನ ಕಹಳೆಯನ್ನು ಲೆಕ್ಕ ಹಾಕಿ ಸರಿಯಾಗಿ ಮಡಚಿದರೆ ಅಂದವೂ ಉಳಿಯುತ್ತದೆ, ನಾದವೂ ಉಳಿಯುತ್ತದೆ ಎಂದು ತೋರಿಸಿದ ಆರ್ಥೋಫೋನಿಕ್ ವಿಕ್ಟ್ರೋಲಾ ಬಂದದ್ದು ಆ ವರ್ಷ. ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಕಹಳೆಯೇ ಬೇಡದ ಧ್ವನಿವರ್ಧಕದ ವಿವರ ಪ್ರಕಟಿಸಿದರು. ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಕು ಹಿಂದೆ ಮುಂದೆ ಅಲುಗುತ್ತದೆ, ಗಾಳಿಯನ್ನು ತಳ್ಳುತ್ತದೆ. ಇಂದಿಗೂ ನಮ್ಮ ಮನೆಗಳ ಸ್ಪೀಕರುಗಳಲ್ಲಿ ಬಹುಪಾಲು ನಡೆಯುವುದು ಇದೇ.

ಇಲ್ಲಿ ಪೆಟ್ಟಿಗೆಯ ಪಾತ್ರವನ್ನು ಸ್ವಲ್ಪ ಹೇಳಬೇಕು. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದೆ ಎಳೆಯುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನ ಗಾಳಿ ಮುಂದೆ ಬಂದು ಎರಡೂ ಒಂದನ್ನೊಂದು ಕಳೆದುಬಿಡುತ್ತವೆ, ತಗ್ಗಿನ ಸ್ವರಗಳು ಕೇಳಿಸುವುದೇ ಇಲ್ಲ. ಸೆಕೆಂಡಿಗೆ ಐವತ್ತು ಸಲ ಕಂಪಿಸುವ ಸ್ವರದ ಒಂದು ಅಲೆ ಸುಮಾರು ಏಳು ಮೀಟರು ಉದ್ದವಂತೆ, ನಮ್ಮ ಮನೆಯ ಹಜಾರಕ್ಕಿಂತ ಉದ್ದ. ಅಂಥದನ್ನು ಸಣ್ಣ ಶಂಕು, ಸಣ್ಣ ಪೆಟ್ಟಿಗೆ ಸುಲಭವಾಗಿ ಹೊರಡಿಸಲಾರದು. ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಹೇಳಿಕೊಟ್ಟಾಗ ನಾನು, ‘ಅಂದರೆ ತಂಬೂರಿಯ ಬುರುಡೆಯ ಹಾಗೆ’ ಎಂದೆ. ಅವರು ತಲೆ ಅಲ್ಲಾಡಿಸಿದರು: ‘ಪೂರ್ತಿ ಹಾಗಲ್ಲ ಮೇಡಂ. ತಂಬೂರಿ ಬುರುಡೆ ತಾನೂ ಅದುರಬೇಕು. ಸ್ಪೀಕರ್ ಪೆಟ್ಟಿಗೆ ಅದುರಬಾರದು. ಅದು ಬಾಯಿ ಮುಚ್ಚಿಕೊಂಡಿರಬೇಕು.’ ಒಳ್ಳೆಯ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಮಂದವಾಗಿ ‘ತಟ್’ ಎನ್ನಬೇಕು, ತಗಡಿನ ಡಬ್ಬದಂತೆ ‘ಡಣ್’ ಎನ್ನಬಾರದು. ತೆಂಗಿನಕಾಯಿ ತಟ್ಟಿ, ಮಡಕೆ ತಟ್ಟಿ ಕೊಳ್ಳುವ ನಮಗೆ ಇದೇನು ಹೊಸ ವಿದ್ಯೆಯಲ್ಲ.

ನಮ್ಮ ಕಡೆ ಮನೆಗೆ ಬಂದದ್ದು ಸ್ಪೀಕರಲ್ಲ, ರೇಡಿಯೋ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಂಟಾದದ್ದು ಆ ನಿಲಯಕ್ಕೆ. ಬೆಂಗಳೂರು ನಿಲಯ ಶುರುವಾದದ್ದು 1955ರಲ್ಲಿ. ಎಪ್ಪತ್ತರ ದಶಕದಲ್ಲಿ, ನಾನು ಚಿಕ್ಕವಳಿದ್ದಾಗ, ನಮ್ಮ ಮನೆಯ ವಾಲ್ವ್ ರೇಡಿಯೋ ಗೋಡೆಯ ಹಲಗೆಯ ಮೇಲೆ ದೇವರ ಪಟದಷ್ಟೇ ಎತ್ತರದಲ್ಲಿ ಕುಳಿತಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಅದಕ್ಕೆ ಲೈಸೆನ್ಸಿನ ದುಡ್ಡು ಕಟ್ಟಬೇಕು. ಮೆರುಗೆಣ್ಣೆ ಹಚ್ಚಿದ ಮರ, ಮುಂದೆ ಬಂಗಾರದ ಎಳೆ ಮಿನುಗುವ ಬಟ್ಟೆ, ಕೆಳಗೆ ದಂತದ ಬಣ್ಣದ ಗುಂಡಿಗಳು. ಬೆನ್ನಿಗೆ ಮಾತ್ರ ತೂತು ತೂತಾದ ರಟ್ಟು. ಎದುರಿನಿಂದ ಜಮೀನ್ದಾರ, ಹಿಂದಿನಿಂದ ಬಡವ.

ಅಮ್ಮ ಅದರ ಮೇಲೆ ಕ್ರೋಶಾದಲ್ಲಿ ಹೆಣೆದ ಬಟ್ಟೆ ಹಾಸಿದ್ದರು. ಅದು ಮುಂದಕ್ಕೆ ಇಳಿಬಿದ್ದು ಅರ್ಧ ಮುಖ ಮುಚ್ಚುತ್ತಿತ್ತು. ವಾರ್ತೆಯ ಹೊತ್ತಿಗೆ ಅಪ್ಪ ಅದನ್ನು ಮೇಲಕ್ಕೆ ಮಡಚುವರು, ಮುಗಿದ ಮೇಲೆ ಅಮ್ಮ ಇಳಿಬಿಡುವರು. ಎಷ್ಟೋ ವರ್ಷ ಈ ಮೌನ ವ್ಯಾಜ್ಯ ನಡೆಯಿತು. ಆದರೆ ಶನಿವಾರ ಸಂಜೆ ಸಂಗೀತ ಕಛೇರಿ ಇದ್ದಾಗ ಬಟ್ಟೆಯನ್ನು ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದವರು ಅಮ್ಮನೇ. ಅಪ್ಪನಿಗೆ ಬೇಕಿದ್ದದ್ದು ಸುದ್ದಿ. ಪಿಟೀಲಿನ ಮೇಲಿನ ಷಡ್ಜ ಬಟ್ಟೆಯ ಹಿಂದೆ ಮಸುಕಾಗುತ್ತದೆಂದು ಗೊತ್ತಿದ್ದವರು ಅಮ್ಮ. ದಪ್ಪ ಬಟ್ಟೆ ಹೆಚ್ಚಿನ ಸ್ವರಗಳನ್ನೇ ಮೊದಲು ನುಂಗುತ್ತದೆ ಎಂಬುದನ್ನು ಅವರು ಯಾವ ಪುಸ್ತಕದಲ್ಲೂ ಓದಿದವರಲ್ಲ.

ಅತ್ತ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಐವತ್ತರ ದಶಕದ ಕೊನೆಗೆ ಸ್ಟೀರಿಯೋ ಪ್ಲೇಟುಗಳು ಬಂದು, ಒಂದಿದ್ದ ಪೆಟ್ಟಿಗೆ ಎರಡಾಗಬೇಕಾಯಿತು. ಜಗಳ ಜೋರಾದದ್ದು ಆಗಲೇ. ಒಳ್ಳೆಯ ತಗ್ಗಿನ ಸ್ವರಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು, ಅಂಥವು ಎರಡನ್ನು ಎಲ್ಲಿ ಇಡುವುದು? ಪಾಲ್ ಕ್ಲಿಪ್ಶ್ ಎಂಬಾತ 1946ರಲ್ಲೇ ಮೂಲೆಗೆ ಒರಗಿ ನಿಲ್ಲುವ ಭಾರೀ ಪೆಟ್ಟಿಗೆ ಮಾಡಿ, ಕೋಣೆಯ ಎರಡು ಗೋಡೆಗಳನ್ನೇ ಕಹಳೆಯ ಭಾಗವಾಗಿ ದುಡಿಸಿಕೊಂಡಿದ್ದ. ಜಾಣತನವೇ ಸರಿ, ಆದರೆ ಮನೆಯಲ್ಲಿ ಖಾಲಿ ಮೂಲೆಗಳು ಇರಬೇಕಲ್ಲ! 1957ರ ಜೆಬಿಎಲ್ ಪ್ಯಾರಗಾನ್ ಸುಮಾರು ಒಂಬತ್ತು ಅಡಿ ಅಗಲದ ಮರದ ಶಿಲ್ಪ. ಎರಡೂ ಸ್ಪೀಕರುಗಳನ್ನು ಬಾಗಿದ ಒಂದೇ ಹಲಗೆಯ ಹಿಂದೆ ಅಡಗಿಸಿದ್ದರು. ಅದೇ ವರ್ಷ ಇಂಗ್ಲೆಂಡಿನ ಪೀಟರ್ ವಾಕರ್ ಹೊರತಂದ ಕ್ವಾಡ್ ಎಂಬ ಸ್ಪೀಕರಿಗೆ ಶಂಕುವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ವಿದ್ಯುತ್ತಿನ ಸೆಳೆತಕ್ಕೆ ಅದುರುವ ತೆಳು ಹಾಳೆ ಅಷ್ಟೆ. ಮನುಷ್ಯರ ಕಂಠವನ್ನು ಅಷ್ಟು ನಿಜವಾಗಿ ನುಡಿಸುವ ಯಂತ್ರ ಆವರೆಗೆ ಇರಲಿಲ್ಲವೆಂದು ಬಲ್ಲವರು ಹೊಗಳಿದರು. ನೋಡಲು ಮಾತ್ರ ಚಳಿಗಾಲದಲ್ಲಿ ಕೋಣೆ ಕಾಯಿಸುವ ಹೀಟರಿನ ಹಾಗಿತ್ತು, ಜನ ಹಾಗೆಂದೇ ಹಾಸ್ಯ ಮಾಡಿದರು.

ನನಗೆ ಎಲ್ಲರಿಗಿಂತ ಇಷ್ಟವಾದವನು ಎಡ್ಗರ್ ವಿಲ್ಚರ್. ಅವನೂ ಮೇಷ್ಟ್ರೇ, ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದವನು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದರೆ ಸಣ್ಣ ಪೆಟ್ಟಿಗೆಯಿಂದಲೂ ಆಳದ ಸ್ವರ ಬರುತ್ತದೆ ಎಂದು ಕಂಡುಕೊಂಡು, 1954ರಲ್ಲಿ ಹೆನ್ರಿ ಕ್ಲಾಸ್ ಎಂಬ ತನ್ನ ಶಿಷ್ಯನ ಜೊತೆ ಕಂಪನಿ ತೆರೆದ. ಪುಸ್ತಕದ ಕಪಾಟಿನಲ್ಲಿ ಇಡುವ ಸ್ಪೀಕರ್ ಎಂಬ ಮಾತು ಬಳಕೆಗೆ ಬಂದದ್ದೇ ಇಂಥವುಗಳಿಂದ. ಅವನ ಕಂಪನಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಒಂದೇ ಸ್ಪೀಕರನ್ನು ಬೇರೆ ಬೇರೆ ಮರದಲ್ಲಿ ಬೇರೆ ಬೇರೆ ಬೆಲೆಗೆ ಮಾರುತ್ತಿದ್ದರು. ಪಾಲಿಶ್ ಇಲ್ಲದ ಪೈನ್ ಮರದ್ದು ಅಗ್ಗ, ಎಣ್ಣೆ ಹಾಕಿ ತೀಡಿದ ವಾಲ್ನಟ್ಟಿನದು ದುಬಾರಿ. ಒಳಗಿನ ದನಿ ಒಂದೇ. ಅಂದಕ್ಕೆ ಎಷ್ಟು, ನಾದಕ್ಕೆ ಎಷ್ಟು ಎಂದು ಬೇರ್ಪಡಿಸಿ ಲೆಕ್ಕ ತೋರಿಸಿದ ವ್ಯಾಪಾರಿಗಳು ಬೇರೆ ಯಾರಿದ್ದಾರೆ? ಸೀರೆ ಅಂಗಡಿಯವರು ಹೀಗೆ ನೂಲಿಗಿಷ್ಟು, ಜರಿಗಿಷ್ಟು ಎಂದು ಬಿಡಿಸಿ ಹೇಳುವಂತಿದ್ದರೆ!

ಮೋಸ ಹೋಗಲು ಮರದ ಹೊಳಪೇ ಬೇಕೆಂದಿಲ್ಲ, ಕಾಗದದ ಮೇಲಿನ ಅಂಕಿಯೂ ಸಾಕು. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್. ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದವರು. 1956ರಲ್ಲಿ, ಎಂಐಟಿಯಲ್ಲಿ ಓದುತ್ತಿದ್ದಾಗ, ಅಳತೆಯ ಅಂಕಿ-ಅಂಶಗಳನ್ನೆಲ್ಲ ನೋಡಿ ಒಳ್ಳೆಯದೆಂದು ಒಂದು ಸೆಟ್ ಕೊಂಡು ತಂದು ಹಚ್ಚಿದರೆ ಪಿಟೀಲು ಪಿಟೀಲಿನಂತೆ ಕೇಳಿಸಲಿಲ್ಲ. ಅಂಕಿ ಸರಿಯಿದ್ದೂ ದನಿ ಏಕೆ ಸರಿಯಿಲ್ಲ ಎಂಬ ಪ್ರಶ್ನೆಯೇ ಅವರನ್ನು ಸ್ಪೀಕರುಗಳ ಕಡೆಗೆ ತಿರುಗಿಸಿತು.

ನಮ್ಮಲ್ಲಿ ಅಂಕಿಯ ಮಾಯೆ ಬಂದದ್ದು ತೊಂಬತ್ತರ ದಶಕದಲ್ಲಿ. 1991ರ ನಂತರ ಪೇಟೆ ತೆರೆದು ಹೊಸ ಹೊಸ ಮ್ಯೂಸಿಕ್ ಸಿಸ್ಟಮ್ಮುಗಳು ಬಂದವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಸಾವಿರಗಟ್ಟಲೆ ವಾಟ್, ಪಕ್ಕದಲ್ಲಿ ಪಿಎಂಪಿಓ ಎಂಬ ನಾಲ್ಕಕ್ಷರ. ಅದೇ ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿ ನೋಡಿದರೆ, ಅದು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವುದು ನೂರಿನ್ನೂರು ವಾಟ್ ಮಾತ್ರ. ನೂರು ಸೇರು ಅಕ್ಕಿ ಹಾಕಿ ಎರಡು ಸಾವಿರ ಸೇರು ಅನ್ನ ಬಸಿದ ಹಾಗೆ! ಕ್ಷಣಾರ್ಧಕ್ಕೂ ಕಡಿಮೆ ಹೊತ್ತು ಸಾಧ್ಯವೆಂದು ಊಹಿಸಿದ ಯಾವುದೋ ತುತ್ತತುದಿಯ ಅಂಕಿ ಅದು, ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇರಲಿಲ್ಲ. ಬೆಳ್ಳಿಯ ಬಣ್ಣದ ಪ್ಲಾಸ್ಟಿಕ್ಕು, ಕುಣಿಯುವ ನೀಲಿ ಹಸಿರು ದೀಪಗಳು, ಮುಂದೆ ಮೂರು ನಾಲ್ಕು ಶಂಕುಗಳಂತೆ ಕಾಣುವ ವೃತ್ತಗಳು, ಅವುಗಳಲ್ಲಿ ಕೆಲವಂತೂ ಬರೀ ತೋರಿಕೆಗೆ. ಮೇಲೆ ಥಳಕು, ಒಳಗೆ ಹುಳಕು ಎಂಬ ಗಾದೆಗೆ ಇಷ್ಟು ಒಪ್ಪುವ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಮತ್ತು ಇವನ್ನು ಆಸೆಪಟ್ಟು ಕೊಂಡವರು ಬಹುಪಾಲು ಗಂಡಸರೇ, ನಮ್ಮ ಮನೆಗಳ ಹುಡುಗರೇ ಎನ್ನುವುದನ್ನೂ ದಾಖಲಿಸುತ್ತೇನೆ.

ಏಕೆಂದರೆ ಅಮೆರಿಕದ ಸಂಗೀತಯಂತ್ರಗಳ ಪತ್ರಿಕೆಗಳಲ್ಲಿ ಎಂಬತ್ತರ ದಶಕದಲ್ಲಿ ‘ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್’ ಎಂಬ ಮಾತು ಹುಟ್ಟಿತು. ಹೆಂಡತಿ ಒಪ್ಪುವಳೋ ಇಲ್ಲವೋ ಎಂಬ ಅಂಶವಂತೆ ಅದು. ದನಿ ಎಷ್ಟೇ ಚೆನ್ನಾಗಿದ್ದರೂ ಸ್ಪೀಕರ್ ದಪ್ಪಗೆ, ಕರ್ರಗೆ ಇದ್ದರೆ ಹೆಂಡತಿ ಮನೆಯೊಳಗೆ ಬಿಡುವುದಿಲ್ಲ, ಪಾಪ ಗಂಡನೇನು ಮಾಡಿಯಾನು ಎಂಬ ಕನಿಕರ ಅದರಲ್ಲಿದೆ. 1906ರ ಮಾತೇ ಹೊಸ ಹೆಸರಿನಲ್ಲಿ ಬಂದಂತಾಯಿತು. ಹಾಗಾದರೆ ಗಂಡಸರು, ಅದರಲ್ಲೂ ಬಲ್ಲವರು, ಬರೀ ಕಿವಿಯಿಂದ ಕೇಳುತ್ತಾರೆಯೆ?

ಇದಕ್ಕೆ ಉತ್ತರ 1994ರಲ್ಲಿ ಸಿಕ್ಕಿತು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಹರ್ಮನ್ ಕಂಪನಿಯಲ್ಲಿ ಒಂದು ಪರೀಕ್ಷೆ ಮಾಡಿದರು. ಕೇಳುವವರು ಆ ಕಂಪನಿಯದೇ ನಲವತ್ತು ಜನ ನೌಕರರು, ಸ್ಪೀಕರುಗಳನ್ನೇ ಉಸಿರಾಡುವವರು. ಸ್ಪೀಕರುಗಳು ನಾಲ್ಕು. ಮೂರು ದೊಡ್ಡವು, ದುಬಾರಿಯವು. ಒಂದು ಸಣ್ಣ ತುಣುಕುಗಳ ಅಗ್ಗದ ಸೆಟ್ಟು. ಎದುರಿಗೆ ಕಾಣುವಂತೆ ಇಟ್ಟು ಕೇಳಿಸಿದಾಗ ದೊಡ್ಡವಕ್ಕೆ ಒಳ್ಳೆಯ ಅಂಕ, ಚಿಕ್ಕದಕ್ಕೆ ಕಡಿಮೆ ಅಂಕ ಬಿತ್ತು. ಅವೇ ಜನ, ಅವೇ ಸ್ಪೀಕರು, ದನಿಗೆ ಅಡ್ಡಿಯಾಗದ ತೆಳು ಪರದೆ ಎಳೆದು ಕೇಳಿಸಿದಾಗ ಅಂಕಗಳು ಬದಲಾದವು. ಚಿಕ್ಕದು ದೊಡ್ಡವುಗಳ ಸಮಕ್ಕೆ ನಿಂತಿತು. ಅದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. ಸ್ಪೀಕರಿನ ಜಾಗ ಬದಲಿಸಿದರೆ ಕೋಣೆಯಲ್ಲಿ ದನಿ ಬದಲಾಗುತ್ತದೆ. ಪರದೆಯ ಹಿಂದಿದ್ದಾಗ ಈ ಬದಲಾವಣೆ ಅವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿದ್ದಾಗ ಅಷ್ಟಾಗಿ ಗೊತ್ತಾಗಲಿಲ್ಲ. ಅಂದರೆ ಕಣ್ಣು ತನ್ನ ತೀರ್ಪು ಕೊಟ್ಟು ಸುಮ್ಮನಾಗುವುದಿಲ್ಲ, ಕಿವಿಯನ್ನೂ ಮಂಕು ಮಾಡುತ್ತದೆ. ಎಡಿಸನ್ನನ ಜನ ದೀಪ ಆರಿಸಿದ್ದರಲ್ಲಿ ಬುದ್ಧಿಯಿತ್ತು ಎಂದೆನಲ್ಲ, ಇದಕ್ಕೇ.

ಇದನ್ನು ನನಗೆ ಮೊದಲು ಹೇಳಿದವರೂ ನಮ್ಮ ವಿಜ್ಞಾನದ ಮೇಷ್ಟ್ರೇ. ಹೇಳಲು ಒಂದು ಸಂದರ್ಭವೂ ಇತ್ತು. ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯಲ್ಲಿ ಪಾಠದ ಕ್ಯಾಸೆಟ್ಟು, ಆಕಾಶವಾಣಿಯ ಶಾಲಾ ಕಾರ್ಯಕ್ರಮ ಕೇಳಿಸಲು ಹಿಡಿಕೆ ಮುರಿದ ಹಳೆಯ ಟೇಪ್ ರೆಕಾರ್ಡರೊಂದಿತ್ತು. ಹಳೆಯ ವಿದ್ಯಾರ್ಥಿಯೊಬ್ಬರು ಹೊಸ ಸಿಸ್ಟಮ್ಮನ್ನು ದಾನ ಕೊಟ್ಟರು. ನೀಲಿ ದೀಪ, ಸೊಂಟದೆತ್ತರದ ಎರಡು ಪೆಟ್ಟಿಗೆ. ಅದನ್ನು ತರಗತಿಯ ಮೂಲೆಗಳಲ್ಲಿ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಹಿಂದಿನ ಬೆಂಚಿನ ಮಕ್ಕಳು ಉತ್ತರ ಹೇಳದೆ ತಲೆ ತಗ್ಗಿಸುವುದನ್ನು ಕಂಡೆ. ಅವರಿಗೆ ಪಾಠ ತಿಳಿಯುತ್ತಿಲ್ಲವೋ, ಮಾತೇ ಕೇಳಿಸುತ್ತಿಲ್ಲವೋ? ದಾನದ ವಸ್ತು, ಮೇಲಾಗಿ ಅಷ್ಟು ದೊಡ್ಡದು. ಸಂಶಯಪಡಲೂ ಧೈರ್ಯ ಬೇಕು.

ಒಂದು ಶನಿವಾರ ನಾವಿಬ್ಬರೂ ಸೇರಿ ಉಕ್ತಲೇಖನ ಇಟ್ಟೆವು. ತಳ-ದಳ, ಕಡಿ-ಗಡಿ, ಪಾಲು-ಬಾಲ, ಸಸಿ, ಶೇಷ, ಹೀಗೆ ಕಿವಿಗೆ ಪರೀಕ್ಷೆಯೊಡ್ಡುವ ಪದಗಳನ್ನು ನಾನೇ ಕ್ಯಾಸೆಟ್ಟಿಗೆ ಓದಿದ್ದೆ. ನನ್ನದೊಂದು ಹಳೆಯ ವಾಯಿಲ್ ಸೀರೆಯನ್ನು ಅಡ್ಡ ಕಟ್ಟಿ ಎರಡೂ ಯಂತ್ರಗಳನ್ನು ಅದರ ಹಿಂದೆ ಇಟ್ಟೆವು. ದನಿಯ ಜೋರು ಎರಡರಲ್ಲೂ ಒಂದೇ ಇರುವಂತೆ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕುಳಿತು ಸರಿಮಾಡಿಸಿದರು. ಅದು ಮುಖ್ಯವಂತೆ. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಅಂಗಡಿಯಲ್ಲಿ ನಾವೆಲ್ಲ ಭ್ರಮಿಸುವುದುಂಟು. ‘ಎ’ ವಿಭಾಗಕ್ಕೆ ಮೊದಲರ್ಧ ಹಳೆಯದರಲ್ಲಿ, ಉಳಿದರ್ಧ ಹೊಸದರಲ್ಲಿ. ‘ಬಿ’ ವಿಭಾಗಕ್ಕೆ ತಿರುವುಮುರುವು.

ತಿದ್ದಲು ಕುಳಿತಾಗ ಅನುಮಾನ ಉಳಿಯಲಿಲ್ಲ. ಹೊಸದರಲ್ಲಿ ಕೇಳಿ ಬರೆದ ಭಾಗದಲ್ಲಿ ತಕಾರ ದಕಾರವಾಗಿತ್ತು, ಪಕಾರ ಬಕಾರವಾಗಿತ್ತು, ಹಿಂದಿನ ಬೆಂಚುಗಳಲ್ಲಂತೂ ಹೆಚ್ಚು. ಸಕಾರದ ಸದ್ದಿನ ಬಹುಭಾಗ ಸೆಕೆಂಡಿಗೆ ನಾಲ್ಕು ಸಾವಿರ ಕಂಪನಕ್ಕಿಂತ ಮೇಲಿದೆಯಂತೆ. ಹಳೆಯ ಟೆಲಿಫೋನು ಮೂರು ಸಾವಿರದ ನಾನೂರಕ್ಕೇ ಕತ್ತರಿಸಿಬಿಡುತ್ತಿದ್ದದ್ದರಿಂದಲೇ ಅದರಲ್ಲಿ ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಹೊಸ ಯಂತ್ರದ ಗುಂ ಗುಂ ನಡುವೆ ವ್ಯಂಜನಗಳು ಮುಳುಗಿಹೋಗುತ್ತಿದ್ದವು. ಹಳೆಯದರಲ್ಲಿ ಗುಂ ಎನ್ನುವ ಶಕ್ತಿಯೇ ಇರಲಿಲ್ಲ, ಅದು ಬಡಕಲು ದನಿಯಲ್ಲಿ ಪದ ಮಾತ್ರ ಹೇಳುತ್ತಿತ್ತು.

ಸೀರೆ ಬಿಚ್ಚಿ, ಯಾವುದು ಚೆನ್ನಾಗಿ ಕೇಳಿಸುತ್ತದೆ ಎಂದು ಕೇಳಿದಾಗ ಎಲ್ಲ ಕೈಗಳೂ ನೀಲಿ ದೀಪದ ಕಡೆಗೇ ಎದ್ದವು. ಏಕೆಂದು ಒಬ್ಬಳನ್ನು ಕೇಳಿದೆ. ‘ಅದು ದೊಡ್ಡದಲ್ವಾ ಮಿಸ್’ ಎಂದಳು.

ಯಂತ್ರವನ್ನು ಪೂರ್ತಿ ದೂರಿದರೆ ಅನ್ಯಾಯವಾದೀತು. ಅದರ ಬಾಸ್ ಗುಂಡಿಯನ್ನು ಯಾರೋ ಕೊನೆಯವರೆಗೆ ತಿರುಗಿಸಿಟ್ಟಿದ್ದರು. ಕ್ಲಿಪ್ಶ್ ಉಪಯೋಗಕ್ಕೆ ಹಚ್ಚಿದ್ದ ಆ ಮೂಲೆಯ ಗುಣವೇ ಇಲ್ಲಿ ತಗ್ಗಿನ ಸ್ವರಗಳನ್ನು ಇನ್ನಷ್ಟು ಉಬ್ಬಿಸಿ ಕೆಲಸ ಕೆಡಿಸಿತ್ತು. ಗುಂಡಿ ಇಳಿಸಿ, ಪೆಟ್ಟಿಗೆಗಳನ್ನು ಮೂಲೆಯಿಂದ ಎರಡು ಮೂರು ಅಡಿ ಈಚೆಗೆ ತಂದು, ಬೆಂಚಿನ ಮೇಲೆ ಮಕ್ಕಳ ಕಿವಿಯ ಮಟ್ಟಕ್ಕೆ ಇಟ್ಟ ಮೇಲೆ ಮುಂದಿನ ಉಕ್ತಲೇಖನ ಎಷ್ಟೋ ಮೇಲಾಯಿತು. ಆದರೆ ಬೆಂಚಿನ ಮೇಲೆ ಇಟ್ಟದ್ದು ಮುಖ್ಯೋಪಾಧ್ಯಾಯರಿಗೆ ಸರಿಬರಲಿಲ್ಲ. ‘ದಾನಿಗಳು ಬಂದಾಗ ನೋಡೋಕೆ ಒಪ್ಪವಾಗಿರಬೇಕಲ್ಲಮ್ಮ’ ಎಂದು ಮತ್ತೆ ಮೂಲೆಗೆ ಸರಿಸಿದರು. ದಾನಿಗಳು ಬರುವ ದಿನ ಮೂಲೆಗೆ, ಉಳಿದ ದಿನ ಬೆಂಚಿಗೆ ಎಂದು ರಾಜಿಯಾಯಿತು. ಹೊತ್ತು ಸಾಗಿಸುವ ಕೆಲಸ ಹಿಂದಿನ ಬೆಂಚಿನ ಹುಡುಗರದು.

ಈಗ ಕ್ಯಾಸೆಟ್ಟೂ ಇಲ್ಲ, ಆ ದೊಡ್ಡ ಪೆಟ್ಟಿಗೆಗಳೂ ಅಪರೂಪ. ಹಾಡು ಫೋನಿನಿಂದ ಹಾರಿ ಬಂದು ಅಂಗೈಯಗಲದ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆದರೆ ಕಣ್ಣಿನ ಆಳ್ವಿಕೆ ಮುಗಿದಿಲ್ಲ. ಹಿಂದಿನ ಟಿ.ವಿ.ಗೆ ದೊಡ್ಡ ಹೊಟ್ಟೆ ಇತ್ತು, ಆ ಹೊಟ್ಟೆಯ ಪಕ್ಕದಲ್ಲಿ ಸ್ಪೀಕರಿಗೂ ಒಂದಿಷ್ಟು ಜಾಗವಿತ್ತು, ಮುಖ ನಮ್ಮ ಕಡೆಗಿತ್ತು. ಈಗಿನದು ಗೋಡೆಗೆ ತಗುಲಿಸಿದ ಪಟದಂತೆ ತೆಳ್ಳಗೆ. ಸುತ್ತಲಿನ ಅಂಚು ಕಾಣಬಾರದೆಂದು ಸ್ಪೀಕರನ್ನು ಕೆಳಗೋ ಹಿಂದಕ್ಕೋ ತಿರುಗಿಸಿರುತ್ತಾರೆ. ದನಿ ಗೋಡೆಗೆ ಬಡಿದು ನಮ್ಮ ಬಳಿ ಬರಬೇಕು. ಆಮೇಲೆ ಆ ಕೊರತೆ ತುಂಬಲು ಸೌಂಡ್‌ಬಾರ್ ಎಂಬ ಉದ್ದ ಕಡ್ಡಿಯನ್ನು ಬೇರೆ ದುಡ್ಡು ಕೊಟ್ಟು ತರಬೇಕು.

ನಮ್ಮತ್ತೆಯವರಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಮನೆಗೆ ದೊಡ್ಡ ತೆಳು ಟಿ.ವಿ. ಬಂದಾಗ ಎಲ್ಲರೂ ಹಿಗ್ಗಿದೆವು, ಅವರು ಮಾತ್ರ ಮೂರನೆಯ ದಿನ, ‘ಈ ಹುಡುಗ ಯಾಕಮ್ಮ ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ವಾರ್ತೆ ಓದ್ತಾನೆ?’ ಎಂದರು. ಚಿತ್ರದ ಸೊಗಸಿಗೆ ಮರುಳಾಗದ ಒಬ್ಬರೇ ಮನೆಯಲ್ಲಿದ್ದವರು ಅವರು. ನನ್ನ ಮಗ ಅಟ್ಟದಿಂದ ಅವನ ಕಾಲೇಜು ದಿನಗಳ ಪುಟ್ಟ ಸ್ಪೀಕರನ್ನು ಇಳಿಸಿ, ಉದ್ದ ವೈರು ಎಳೆದು, ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಖದ ಕಡೆಗೆ ತಿರುಗಿಸಿ ಇಟ್ಟ. ಬೂದುಬಣ್ಣದ ಪೆಟ್ಟಿಗೆ, ಮುಂದಿನ ಬಟ್ಟೆಯನ್ನು ಯಾವಾಗಲೋ ಇಲಿ ಕಡಿದಿತ್ತು. ಬಂದವರು ಅದೇನು ಎಂದು ಕೇಳುವರು. ಅತ್ತೆ, ‘ಅದು ನಂದು’ ಎನ್ನುವರು. ರಾತ್ರಿ ವಾರ್ತೆ ಮುಗಿದ ಮೇಲೆ ಅದರ ಮ��ಲೆ ಕನ್ನಡಕ ಬಿಚ್ಚಿಟ್ಟು ಮಲಗುತ್ತಿದ್ದರು.